ಸರ್ವರ್ ಹೋದ ಮೇಲೂ ಸೋಮವಾರ ಆಫೀಸು ತೆರೆಯಬೇಕು: ಸಣ್ಣ ಸಂಸ್ಥೆಗಳಿಗೆ ಬ್ಯಾಕಪ್ ಮಾರ್ಗದರ್ಶಿ

ಪತ್ತಿನ ಸಹಕಾರ ಸಂಘವೊಂದರಿಂದ ಬೆಳ್ಳಂಬೆಳಿಗ್ಗೆ ಫೋನ್ ಬಂತು. ಕಂಪ್ಯೂಟರ್ ಆನ್ ಆಗುತ್ತಿಲ್ಲ, ಒಳಗಿಂದ ಟಕ್ ಟಕ್ ಅಂತ ಸದ್ದು ಬರುತ್ತಿದೆ. ಹಾರ್ಡ್ ಡಿಸ್ಕ್ ಹೋಗಿದೆ ಅಂತ ಕೇಳಿದಾಗಲೇ ಗೊತ್ತಾಯಿತು. "ಬ್ಯಾಕಪ್ ಇದೆಯಾ ಮೇಡಂ?" ಎಂದೆ. "ಇದೆ ಸಾರ್, ದಿನಾ ಸಂಜೆ ತಪ್ಪದೆ ತಗೋತೀನಿ" ಎಂದರು ಅಕೌಂಟೆಂಟ್. ಹೋದೆ. ಡ್ರಾಯರ್ ಎಳೆದು ಪೆನ್ ಡ್ರೈವ್ ಕೊಟ್ಟರು. ಆಯುಧ ಪೂಜೆಯಲ್ಲಿ ಹಚ್ಚಿದ ಕುಂಕುಮ ಇನ್ನೂ ಅದರ ಮೇಲಿತ್ತು. ತೆರೆದರೆ ಎರಡು ವರ್ಷದ ಫೋಲ್ಡರ್‌ಗಳು, ಒಂದೊಂದಕ್ಕೂ ಅಚ್ಚುಕಟ್ಟಾಗಿ ತಾರೀಖು. ಪ್ರತಿ ಫೋಲ್ಡರಿನಲ್ಲೂ ಒಂದೇ ಫೈಲು. ಅದರ ಗಾತ್ರ 2 ಕೆಬಿ.

ಅದು ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಅಲ್ಲ. ಡೆಸ್ಕ್‌ಟಾಪ್ ಮೇಲಿದ್ದ ಡೇಟಾ ಫೋಲ್ಡರಿನ ಶಾರ್ಟ್‌ಕಟ್. ಎರಡು ವರ್ಷ ಅವರು ದಿನಾ ಸಂಜೆ ಮನೆಯ ವಿಳಾಸವನ್ನು ಬರೆದಿಡುತ್ತಿದ್ದರು, ಮನೆಯನ್ನಲ್ಲ.

ಅವರನ್ನು ಬೈಯುವ ಹಾಗಿರಲಿಲ್ಲ. ಹೇಳಿದ ಕೆಲಸವನ್ನು ಒಂದು ದಿನವೂ ಬಿಡದೆ ಮಾಡಿದ್ದರು. ಯಾವ ಫೋಲ್ಡರ್ ಕಾಪಿ ಮಾಡಬೇಕು ಅಂತ ಯಾರೂ ಕೂತು ತೋರಿಸಿರಲಿಲ್ಲ. ಆ ಪೆನ್ ಡ್ರೈವನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ಯಾರೂ ತೆರೆದಿರಲಿಲ್ಲ. ಕೊನೆಗೆ ಮಾರ್ಚ್ ಮುಗಿದಾಗ ಆಡಿಟರ್ ತೆಗೆದುಕೊಂಡು ಹೋಗಿದ್ದ ಒಂದು ಪ್ರತಿ ಸಿಕ್ಕಿತು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಏಳು ತಿಂಗಳ ವೋಚರ್‌ಗಳನ್ನು ಮತ್ತೆ ಕೂತು ಎಂಟ್ರಿ ಮಾಡಿದರು.

ಆಮೇಲೆ ನಾನು ಕೆಲಸ ಮಾಡುವ ಕ್ರಮವನ್ನೇ ತಿರುಗಿಸಿಕೊಂಡೆ. ಮೊದಲೆಲ್ಲ "ಯಾವ ಸಾಫ್ಟ್‌ವೇರ್, ಎಷ್ಟು ಟಿಬಿ ಡಿಸ್ಕ್" ಅಂತ ಶುರು ಮಾಡುತ್ತಿದ್ದೆ. ಈಗ ಎಲ್ಲ ಹೋದ ಮೇಲಿನ ಮೊದಲ ದಿನದಿಂದ ಶುರು ಮಾಡಿ ಹಿಂದಕ್ಕೆ ಬರುತ್ತೇನೆ. ಐದರಿಂದ ಐವತ್ತು ಕಂಪ್ಯೂಟರ್ ಇರುವ, ಐಟಿಗೆ ಅಂತ ಪ್ರತ್ಯೇಕ ಸಿಬ್ಬಂದಿ ಇಲ್ಲದ ಸಂಘ, ಶಾಲೆ, ಆಡಿಟ್ ಆಫೀಸು, ಪ್ರಿಂಟಿಂಗ್ ಪ್ರೆಸ್, ನರ್ಸಿಂಗ್ ಹೋಂಗಳಿಗೆ ಇದೇ ಕ್ರಮ ಸಾಕು.

ಹೆಜ್ಜೆ 1: ಒಂದು ಶನಿವಾರ, ಎಲ್ಲ ಹೋಯಿತು ಅಂದುಕೊಳ್ಳಿ

ಶನಿವಾರ ಮಧ್ಯಾಹ್ನ ಎಲ್ಲರನ್ನೂ ಕೂರಿಸಿ. ಕಾಫಿ ತರಿಸಿ. ಮ್ಯಾನೇಜರ್, ಅಕೌಂಟೆಂಟ್, ಕೌಂಟರಿನಲ್ಲಿ ಕೂರುವವರು, ಟೈಪಿಂಗ್ ಮಾಡುವವರು, ಅಟೆಂಡರ್ ಕೂಡ ಇರಲಿ. ಒಂದೇ ಪ್ರಶ್ನೆ ಕೇಳಿ: "ಇವತ್ತು ರಾತ್ರಿ ಈ ಆಫೀಸಿನ ಎಲ್ಲ ಕಂಪ್ಯೂಟರ್ ಸುಟ್ಟು ಹೋದವು. ಸೋಮವಾರ ಹತ್ತು ಗಂಟೆಗೆ ಮೊದಲ ಗ್ರಾಹಕ ಬಂದು ನಿಂತಿದ್ದಾರೆ. ನಿಮಗೆ ಏನು ಬೇಕು?"

ಎಲ್ಲರೂ ಮೊದಲು ಟ್ಯಾಲಿ ಅನ್ನುತ್ತಾರೆ. ಬರೆದುಕೊಳ್ಳಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ನಿಜವಾದ ವಿಷಯ ಅರ್ಧ ಗಂಟೆ ಆದ ಮೇಲೆ ಹೊರಗೆ ಬರುತ್ತದೆ. ಬಡ್ಡಿ ಲೆಕ್ಕದ ಎಕ್ಸೆಲ್ ಶೀಟ್ ಒಬ್ಬರ ಡೆಸ್ಕ್‌ಟಾಪ್ ಮೇಲೆ ಮಾತ್ರ ಇದೆ. ಸಭೆಯ ನಡಾವಳಿಗಳು ಹಳೆಯ ನುಡಿ ಫಾಂಟಿನಲ್ಲಿವೆ. ಹತ್ತು ವರ್ಷದ ಇಮೇಲ್ ಒಂದೇ ಔಟ್‌ಲುಕ್ ಫೈಲಿನಲ್ಲಿದೆ. ಆಫೀಸಿನ ಜಿಮೇಲ್‌ ತೆರೆಯಲು ಬೇಕಾದ ಒಟಿಪಿ, ಕೆಲಸ ಬಿಟ್ಟು ಹೋದ ಹುಡುಗನ ಮೊಬೈಲಿಗೆ ಹೋಗುತ್ತದೆ. ಈ ಕೊನೆಯದನ್ನು ನಾನು ಎಷ್ಟು ಕಡೆ ನೋಡಿದ್ದೇನೋ ಲೆಕ್ಕವಿಲ್ಲ.

ಕಾಪಿ ಮಾಡಲು ಆಗದ ವಸ್ತುಗಳಿಗೆ ಬೇರೆ ಪಟ್ಟಿ ಮಾಡಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಅಂಥದ್ದು. ಅದರೊಳಗಿನ ಕೀಲಿ ಹೊರಗೆ ಬರದ ಹಾಗೇ ಅದನ್ನು ಮಾಡಿರುತ್ತಾರೆ. ಟೋಕನ್ ಹೋದರೆ ಹೊಸ ಸಹಿಗೆ ಅರ್ಜಿ ಹಾಕಬೇಕು, ಅಷ್ಟೇ. ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಲೈಸೆನ್ಸ್ ಕೀಲಿ) ಇದ್ದರೆ ಮಾತ್ರ ಓಡುವ ಸಾಫ್ಟ್‌ವೇರ್‌ಗಳೂ ಇವೆ. ಪ್ರೆಸ್ಸಿನವರಿಗೆ ಇದು ಚೆನ್ನಾಗಿ ಗೊತ್ತು. ಇಂಥವುಗಳ ಬಿಲ್, ಸೀರಿಯಲ್ ನಂಬರ್, ಕೊಟ್ಟವರ ಫೋನ್ ನಂಬರ್ ಕಾಗದದ ಮೇಲೆ ಬರೆದಿಡಿ.

ಹೆಜ್ಜೆ 2: ಪ್ರತಿಯೊಂದಕ್ಕೂ ಎರಡು ಸಂಖ್ಯೆ ಬರೆಯಿರಿ

ಪಟ್ಟಿಯ ಪ್ರತಿ ಸಾಲಿನ ಮುಂದೆ ಎರಡು ಖಾನೆ ಎಳೆಯಿರಿ. ಮೊದಲನೆಯದು: ಎಷ್ಟು ಹೊತ್ತಿನ ಕೆಲಸ ಕಳೆದುಹೋದರೆ ತಡೆದುಕೊಳ್ಳಬಹುದು? ಎರಡನೆಯದು: ಇದಿಲ್ಲದೆ ಎಷ್ಟು ಹೊತ್ತು ಆಫೀಸು ನಡೆಸಬಹುದು? ಈ ಲೈನಿನಲ್ಲಿರುವವರು ಮೊದಲನೆಯದನ್ನು ಆರ್‌ಪಿಒ, ಎರಡನೆಯದನ್ನು ಆರ್‌ಟಿಒ ಅನ್ನುತ್ತಾರೆ. ಹೆಸರು ಮರೆತರೂ ಪರವಾಗಿಲ್ಲ, ಎರಡೂ ಬೇರೆ ಬೇರೆ ಅನ್ನುವುದು ನೆನಪಿರಲಿ.

ಪತ್ತಿನ ಸಂಘದ ಉದಾಹರಣೆ ತೆಗೆದುಕೊಳ್ಳಿ. ಒಂದು ದಿನದ ಪಿಗ್ಮಿ ಕಲೆಕ್ಷನ್ ಹೋದರೆ ಏಜೆಂಟರ ರಸೀದಿ ಇಟ್ಟುಕೊಂಡು ಮತ್ತೆ ಎಂಟ್ರಿ ಮಾಡಬಹುದು. ಕಷ್ಟ, ಆದರೆ ಆಗುತ್ತದೆ. ಒಂದು ವಾರದ್ದು ಹೋದರೆ ಸದಸ್ಯರ ಜೊತೆ ಜಗಳ ಗ್ಯಾರಂಟಿ. ಹಾಗಾಗಿ ಮೊದಲ ಖಾನೆಯಲ್ಲಿ "1 ದಿನ". ಕೌಂಟರ್ ಎರಡು ದಿನ ಮುಚ್ಚಿದರೆ ಊರಲ್ಲಿ ಸಂಘ ದಿವಾಳಿ ಅಂತ ಸುದ್ದಿ ಹಬ್ಬುತ್ತದೆ. ಎರಡನೇ ಖಾನೆಯಲ್ಲಿ "4 ಗಂಟೆ". ಅದೇ ಸಂಘದ ವಾರ್ಷಿಕೋತ್ಸವದ ಫೋಟೋಗಳಿಗೆ "1 ತಿಂಗಳು" ಮತ್ತು "ಯಾವಾಗಲಾದರೂ ಸರಿ". ಎಲ್ಲಕ್ಕೂ ಒಂದೇ ಮಟ್ಟದ ರಕ್ಷಣೆ ಕೊಡಲು ಹೋದರೆ ದುಡ್ಡು ಫೋಟೋಗಳಿಗೆ ಹೋಗುತ್ತದೆ. ಯಾಕೆಂದರೆ ಗಾತ್ರದಲ್ಲಿ ಅವೇ ಜಾಸ್ತಿ.

ಎರಡನೇ ಖಾನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಸೈಬರ್ ದಾಳಿ ಆಯಿತು. ದಾಳಿ ಮುಟ್ಟದ ಬ್ಯಾಕಪ್ ಸರ್ವರ್ ಒಂದು ಉಳಿದಿತ್ತು. ಅದರಿಂದ ಆಸ್ಪತ್ರೆಯ ಕೆಲಸ ನಡೆಸುವ ಇ-ಹಾಸ್ಪಿಟಲ್ ಸಾಫ್ಟ್‌ವೇರಿನ ಡೇಟಾ ಪೂರ್ತಿ ವಾಪಸ್ ಬಂತು. ಆದರೂ ಸುಮಾರು ಎರಡು ವಾರ ನೋಂದಣಿ, ಲ್ಯಾಬ್, ಬಿಲ್ಲಿಂಗ್ ಎಲ್ಲ ಕಾಗದ ಪೆನ್ನಿನಲ್ಲೇ ನಡೆಯಬೇಕಾಯಿತು. ಮೊದಲ ಖಾನೆಯಲ್ಲಿ ಪಾಸಾದರೂ ಎರಡನೆಯದರಲ್ಲಿ ಒದ್ದಾಟ ತಪ್ಪಲಿಲ್ಲ.

ಹೆಜ್ಜೆ 3: ಯಾವ ಆಪತ್ತಿಗೆ ಯಾವ ಪ್ರತಿ

ಡಿಸ್ಕ್ ಸಾಯುವುದು, ಯಾರೋ ತಪ್ಪಿ ಡಿಲೀಟ್ ಮಾಡುವುದು, ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಕುತಂತ್ರಾಂಶ), ಕಳ್ಳತನ, ಬೆಂಕಿ, ನೀರು. ಇವುಗಳಲ್ಲಿ ಒಂದನ್ನು ತಡೆಯುವ ವ್ಯವಸ್ಥೆ ಇನ್ನೊಂದನ್ನು ತಡೆಯುವುದಿಲ್ಲ.

ಸರ್ವರಿನಲ್ಲಿ ಎರಡು ಡಿಸ್ಕ್ ಹಾಕಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆಯುವ ಹಾಗೆ ರೇಡ್ ಮಾಡಿದ್ದೀರಾ? ಒಳ್ಳೆಯದು, ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲುವುದಿಲ್ಲ. ಆದರೆ ಡಿಲೀಟ್ ಮಾಡಿದ ಫೈಲು ಎರಡರಿಂದಲೂ ಒಟ್ಟಿಗೇ ಹೋಗುತ್ತದೆ. ಗೂಗಲ್ ಡ್ರೈವ್‌ಗೆ ಸಿಂಕ್ ಆಗುತ್ತಿದೆ ಅನ್ನುತ್ತೀರಾ? ಸಿಂಕ್ ಅಂದರೆ ಕನ್ನಡಿ. ಇಲ್ಲಿ ಹಾಳಾದದ್ದು ಅಲ್ಲೂ ಹಾಳಾಗುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿ 30 ದಿನಕ್ಕೆ ತಾನಾಗಿ ಖಾಲಿಯಾಗುತ್ತದೆ. ಮೇ ತಿಂಗಳಲ್ಲಿ ಅಳಿಸಿದ ಫೈಲು ಆಡಿಟ್ ಬಂದಾಗ ಆಗಸ್ಟಿನಲ್ಲಿ ನೆನಪಾದರೆ ಏನು ಮಾಡುತ್ತೀರಿ?

ಎಲ್ಲಕ್ಕಿಂತ ತಂತ್ರಗಾರ ರ‍್ಯಾನ್ಸಮ್‌ವೇರ್. ಅದು ಫೈಲುಗಳಿಗೆ ಬೀಗ ಹಾಕುವ ಮೊದಲು ವಿಂಡೋಸ್ ತಾನೇ ಇಟ್ಟುಕೊಂಡ ಹಳೆಯ ಪ್ರತಿಗಳನ್ನು ಅಳಿಸುತ್ತದೆ. ಆಮೇಲೆ ನೆಟ್‌ವರ್ಕಿನ ಹಂಚಿಕೆ ಫೋಲ್ಡರ್, ಹಿಂದೆ ಚುಚ್ಚಿರುವ ಯುಎಸ್‌ಬಿ ಡಿಸ್ಕ್ ಎಲ್ಲಕ್ಕೂ ಕೈ ಹಾಕುತ್ತದೆ. ಸರ್ವರಿನ ಹಿಂಭಾಗದಲ್ಲಿ ವರ್ಷವಿಡೀ ಚುಚ್ಚಿಕೊಂಡೇ ಇರುವ ಡಿಸ್ಕ್ ಬ್ಯಾಕಪ್ ಅಲ್ಲ, ಅದೇ ಸರ್ವರಿನ ಇನ್ನೊಂದು ಡ್ರೈವ್.

ಇದಕ್ಕೊಂದು ವಿಚಿತ್ರ ಸಾಕ್ಷಿ ಇದೆ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಅನ್ನುವ ಕುತಂತ್ರಾಂಶ ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್ ಒಳಗೆ ನುಗ್ಗಿತು. ಲಾಗಿನ್‌ಗಳನ್ನೆಲ್ಲ ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್‌ಗಳು ಪ್ರಪಂಚದ ಉದ್ದಗಲಕ್ಕೂ ಒಟ್ಟಿಗೇ ಅಳಿಸಿಹೋದವು. ಒಂದಕ್ಕೊಂದು ಪ್ರತಿ ಮಾಡಿಕೊಳ್ಳುವ ವ್ಯವಸ್ಥೆ ಇತ್ತು, ಆದರೆ ಎಲ್ಲವೂ ಒಟ್ಟಿಗೇ ಹೋದಾಗ ಏನು ಮಾಡುವುದು ಅಂತ ಯಾರೂ ಯೋಚಿಸಿರಲಿಲ್ಲ. ಘಾನಾದ ಆಫೀಸಿನಲ್ಲಿ ಅಂಥ ಒಂದೇ ಒಂದು ಸರ್ವರ್ ಉಳಿದಿತ್ತು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಆ ಡಿಸ್ಕನ್ನು ವಿಮಾನದಲ್ಲಿ ತಂದು ಕಂಪನಿಯನ್ನು ಮತ್ತೆ ಎಬ್ಬಿಸಿದರು. ನಷ್ಟ 25ರಿಂದ 30 ಕೋಟಿ ಡಾಲರ್. ನಮ್ಮಲ್ಲಿ ಕರೆಂಟ್ ಹೋಗುವುದನ್ನೇ ನಂಬಿ ಕೂರುವ ಬದಲು ಕೆಲಸ ಮುಗಿದ ಮೇಲೆ ಡಿಸ್ಕಿನ ವೈರ್ ಕಿತ್ತಿಡುವುದು ಸುಲಭ, ಅಲ್ವಾ?

ಹೆಜ್ಜೆ 4: ಪ್ರತಿಗಳನ್ನು ಎಲ್ಲಿಡಬೇಕು

3-2-1 ಅನ್ನುವ ಹಳೆಯ ಲೆಕ್ಕ ಇವತ್ತಿಗೂ ಸರಿ. ಮೂಲವೂ ಸೇರಿ ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಜಾಗ, ಒಂದು ಆಫೀಸಿನ ಹೊರಗೆ. ಅದರಲ್ಲಿ ಕನಿಷ್ಠ ಒಂದು ಪ್ರತಿಗೆ ಯಾವ ವೈರೂ ತಾಗಿರಬಾರದು ಅಂತ ನಾನು ಸೇರಿಸುತ್ತೇನೆ.

ಸಣ್ಣ ಆಫೀಸಿಗೆ ನಾನು ಹಾಕಿಕೊಡುವುದು ಹೀಗೆ. ಹಂಚಿಕೆ ಫೋಲ್ಡರ್ ಇರುವ ಕಂಪ್ಯೂಟರಿನಿಂದ ದಿನಾ ರಾತ್ರಿ ಒಂದು ಪ್ರತಿ ನ್ಯಾಸ್ ಡಬ್ಬಿಗೆ (ನೆಟ್‌ವರ್ಕಿಗೆ ಸೇರಿಸಿದ, ಒಳಗೆ ಡಿಸ್ಕ್ ಇರುವ ಪೆಟ್ಟಿಗೆ). ಅದೇ ರಾತ್ರಿ ಮುಖ್ಯವಾದದ್ದು ಮಾತ್ರ ಕ್ಲೌಡಿಗೆ, ಅಂದರೆ ಇಂಟರ್ನೆಟ್ ಮೂಲಕ ಬೇರೆ ಕಂಪನಿಯ ಸರ್ವರಿಗೆ. ಶನಿವಾರಕ್ಕೊಮ್ಮೆ ಪೂರ್ತಿ ಪ್ರತಿ ಯುಎಸ್‌ಬಿ ಹಾರ್ಡ್ ಡಿಸ್ಕಿಗೆ. ಈ ಡಿಸ್ಕ್ ಎರಡು ಸಾಲದು, ಮೂರು ತನ್ನಿ. ಕೆಂಪು, ಹಸಿರು, ನೀಲಿ ಟೇಪ್ ಅಂಟಿಸಿ. ಎರಡೇ ಇದ್ದರೆ ಬದಲಾಯಿಸುವ ದಿನ ಎರಡೂ ಒಂದೇ ಮೇಜಿನ ಮೇಲೆ ಬಂದು ಕೂರುತ್ತವೆ. ಆ ದಿನವೇ ಏನಾದರೂ ಆದರೆ? ಮೂರಿದ್ದರೆ ಒಂದಾದರೂ ಯಾವಾಗಲೂ ಹೊರಗಿರುತ್ತದೆ. ಪೆನ್ ಡ್ರೈವನ್ನು ಫೈಲು ಸಾಗಿಸಲು ಬಳಸಿ, ಕೂಡಿಡಲು ಬೇಡ.

"ಹೊರಗೆ" ಅಂದರೆ ಎಷ್ಟು ಹೊರಗೆ? 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಪೂರ್ತಿ ಸುಟ್ಟುಹೋಯಿತು. ಕೆಲವು ಗ್ರಾಹಕರ ಬ್ಯಾಕಪ್ ಕೂಡ ಅಲ್ಲೇ ಇತ್ತು, ಮೂಲದ ಜೊತೆ ಅದೂ ಬೂದಿಯಾಯಿತು. ಕ್ಲೌಡಿನಲ್ಲಿದೆ ಅಂದ ಮಾತ್ರಕ್ಕೆ ಆಕಾಶದಲ್ಲಿಲ್ಲ. ಯಾವ ಊರು, ಯಾವ ಕಟ್ಟಡ ಅಂತ ಕೇಳಿ. ನಮ್ಮ ಕಡೆ ನೀರಿನ ಲೆಕ್ಕ ಹಾಕಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು ಕಡೆ ಬೇಸ್‌ಮೆಂಟ್‌ಗಳು ಕೆರೆಯಾದವು. ಯುಪಿಎಸ್, ಬ್ಯಾಟರಿ, ಸರ್ವರ್ ಕೆಳಗಿಡುವ ಅಭ್ಯಾಸ ಬಿಡಿ. 2018ರ ಕೊಡಗು, 2019ರ ಬೆಳಗಾವಿ ನೆನಪಿಸಿಕೊಂಡರೆ ಡಿಸ್ಕನ್ನು ಎರಡು ಬೀದಿ ಆಚೆಯ ಕಾರ್ಯದರ್ಶಿಯವರ ಮನೆಯಲ್ಲಿಡುವುದು ಕಳ್ಳತನಕ್ಕೆ ಸಾಕು, ನೆರೆಗೆ ಸಾಲದು. ತಿಂಗಳಿಗೊಂದು ಡಿಸ್ಕಾದರೂ ಬೇರೆ ಊರಿನ ಬ್ರಾಂಚಿಗೋ ಬ್ಯಾಂಕ್ ಲಾಕರಿಗೋ ಹೋಗಲಿ.

ಕ್ಲೌಡಿಗೆ ಹೋಗುವ ಮೊದಲು ಒಂದು ಗುಣಾಕಾರ ಮಾಡಿ. ನಿಮ್ಮ ಡೇಟಾ 500 ಜಿಬಿ, ಅಪ್‌ಲೋಡ್ ವೇಗ 20 ಎಂಬಿಪಿಎಸ್ ಅಂದುಕೊಳ್ಳಿ. ಮೊದಲ ಸಲ ಪೂರ್ತಿ ಕಳಿಸಲು ಏನೂ ಅಡ್ಡಿಯಿಲ್ಲದಿದ್ದರೂ 55 ಗಂಟೆ ಬೇಕು. ವಾಪಸ್ ತರುವಾಗ ಡೌನ್‌ಲೋಡ್ 100 ಎಂಬಿಪಿಎಸ್ ಸಿಕ್ಕರೂ 11 ಗಂಟೆ. ಅದೇ 500 ಜಿಬಿ ಒಳ್ಳೆಯ ಯುಎಸ್‌ಬಿ ಡಿಸ್ಕಿನಿಂದ ಒಂದೂವರೆ ಗಂಟೆಯಲ್ಲಿ ಬರುತ್ತದೆ. ಎರಡನೇ ಖಾನೆಯಲ್ಲಿ "4 ಗಂಟೆ" ಬರೆದವರು ಕ್ಲೌಡ್ ಒಂದನ್ನೇ ನಂಬಿ ಕೂರುವ ಹಾಗಿಲ್ಲ.

ಹೆಜ್ಜೆ 5: ತೆಗೆಯುವ ವಿಧಾನ

ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಡೇಟಾ ಮೆನು ಬರುತ್ತದೆ. ಅಲ್ಲಿ ಬ್ಯಾಕಪ್ ಆರಿಸಿ, ಎಲ್ಲಿಗೆ ಅಂತ ಜಾಗ ಕೊಡಿ, ಕಂಪನಿ (ಟ್ಯಾಲಿಯಲ್ಲಿ ಪ್ರತ್ಯೇಕ ಲೆಕ್ಕದ ಒಂದೊಂದು ಕಟ್ಟಿಗೂ ಇದೇ ಹೆಸರು) ಆರಿಸಿ. ಎರಡು ಮೂರು ಕಂಪನಿ ಇದ್ದರೆ ಎಲ್ಲವೂ ಪಟ್ಟಿಯಲ್ಲಿ ಬಂದಿವೆಯಾ ನೋಡಿ. ದಿನಾ ಬೇರೆ ಫೋಲ್ಡರ್ ಮಾಡಿ, ಹೆಸರನ್ನು ವರ್ಷ-ತಿಂಗಳು-ದಿನ ಕ್ರಮದಲ್ಲಿ ಬರೆಯಿರಿ. ಹಾಗೆ ಬರೆದರೆ ತಾರೀಖಿನ ಪ್ರಕಾರ ತಾವಾಗಿ ಸಾಲಾಗಿ ನಿಲ್ಲುತ್ತವೆ. ಒಂದೇ ಜಾಗಕ್ಕೆ ದಿನಾ ತೆಗೆದರೆ ನಿನ್ನೆಯದರ ಮೇಲೆ ಇವತ್ತಿನದು ಕೂರಬಹುದು.

ಬಿಲ್ಲಿಂಗ್ ಅಥವಾ ಆಸ್ಪತ್ರೆಯ ಸಾಫ್ಟ್‌ವೇರ್ ಎಸ್‌ಕ್ಯೂಎಲ್ ಡೇಟಾಬೇಸ್ ಮೇಲೆ ಓಡುತ್ತಿದ್ದರೆ ಅದರ ಫೈಲನ್ನು ಸುಮ್ನೆ ಕಾಪಿ ಪೇಸ್ಟ್ ಮಾಡಲು ಹೋಗಬೇಡಿ. ಬಳಕೆಯಲ್ಲಿರುವಾಗ ಕಾಪಿ ಆಗುವುದೇ ಇಲ್ಲ, ಒಂದು ವೇಳೆ ಆದರೂ ಅರ್ಧಂಬರ್ಧ ಬರುತ್ತದೆ. ಡೇಟಾಬೇಸಿನದೇ ಬ್ಯಾಕಪ್ ಕಮಾಂಡ್ ಇರುತ್ತದೆ. ಸಾಫ್ಟ್‌ವೇರ್ ಕೊಟ್ಟವರಿಂದ ಅದನ್ನು ಸೆಟ್ ಮಾಡಿಸಿಕೊಳ್ಳಿ. ವಾಪಸ್ ಹಾಕುವ ವಿಧಾನವನ್ನೂ ಅವರಿಂದಲೇ ಬರೆಸಿಕೊಳ್ಳಿ. "ಅದನ್ನು ನಾವೇ ಬಂದು ಮಾಡ್ತೀವಿ" ಎಂದರೆ, ಭಾನುವಾರ ರಾತ್ರಿ ಬರುತ್ತೀರಾ ಅಂತ ಕೇಳಿ.

ಹಂಚಿಕೆ ಫೋಲ್ಡರಿಗೆ ವಿಂಡೋಸ್ ಜೊತೆಗೇ ಬರುವ ರೋಬೊಕಾಪಿ ಸಾಕಾಗುತ್ತದೆ. ಆದರೆ ಅದರಲ್ಲಿ ಮಿರರ್ ಅನ್ನುವ ಆಯ್ಕೆ ಇದೆ. ಮೂಲದಲ್ಲಿ ಇಲ್ಲದ್ದನ್ನು ಅದು ಪ್ರತಿಯಿಂದಲೂ ಅಳಿಸುತ್ತದೆ. ಮೂಲ, ಗುರಿ ಎರಡನ್ನೂ ಅದಲು ಬದಲು ಬರೆದು ಹೊಸ ಖಾಲಿ ಡಿಸ್ಕನ್ನು ಸರ್ವರಿನ ಮೇಲೆ ಸುರಿದ ಒಬ್ಬನನ್ನು ನಾನು ಬಲ್ಲೆ. ಕನ್ನಡಿಯಲ್ಲಿ ಆಗಾಗ ನೋಡುತ್ತೇನೆ ಅವನನ್ನು. ಅದಾದ ಮೇಲೆ ಹಳೆಯ ಪ್ರತಿಗಳನ್ನು ತಾನೇ ಉಳಿಸಿಕೊಳ್ಳುವ ಡುಪ್ಲಿಕಾಟಿ, ವೀಮ್ ಏಜೆಂಟ್ ತರಹದ ಉಚಿತ ಸಾಫ್ಟ್‌ವೇರ್‌ಗಳನ್ನೇ ಹಾಕುತ್ತೇನೆ.

ಹೆಜ್ಜೆ 6: ಎಷ್ಟು ಹಳೆಯದು ಇಟ್ಟುಕೊಳ್ಳಬೇಕು

ನಿನ್ನೆಯ ಪ್ರತಿ ಒಂದೇ ಇದ್ದರೆ, ಮೂರು ವಾರದ ಹಿಂದೆ ಆದ ತಪ್ಪು ಅದರಲ್ಲೂ ಇರುತ್ತದೆ. ಇದಕ್ಕೆ ಅಜ್ಜ-ಅಪ್ಪ-ಮಗ ಅನ್ನುವ ಕ್ರಮ ಇದೆ. ದಿನದ ಪ್ರತಿಗಳು ಮಕ್ಕಳು, ಆರು ಇರಲಿ. ವಾರದವು ಅಪ್ಪಂದಿರು, ಐದು. ತಿಂಗಳಿನವು ಅಜ್ಜಂದಿರು, ಹನ್ನೆರಡು. ಇದರ ಮೇಲೆ ಪ್ರತಿ ಮಾರ್ಚ್ 31ರದ್ದೊಂದು, ಎಂಟು ವರ್ಷಕ್ಕೆ ಎಂಟು. ಒಟ್ಟು 31 ಪ್ರತಿ. ಒಂದು ಪ್ರತಿ 1.4 ಜಿಬಿ ಆದರೆ ಎಲ್ಲ ಸೇರಿ ಸುಮಾರು 43 ಜಿಬಿ. ಜಾಗದ ನೆಪ ಹೇಳುವ ಹಾಗೇ ಇಲ್ಲ.

ಎಂಟು ವರ್ಷ ಯಾಕೆಂದರೆ ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕದ ಪುಸ್ತಕಗಳನ್ನು ಅಷ್ಟು ವರ್ಷ ಇಟ್ಟುಕೊಳ್ಳಬೇಕು. ಜಿಎಸ್‌ಟಿಯಲ್ಲಿ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು. ನಿಮ್ಮದು ನೋಂದಾಯಿತ ಕಂಪನಿ ಆಗಿದ್ದರೆ ಇನ್ನೊಂದು ನಿಯಮವಿದೆ. ಎಲೆಕ್ಟ್ರಾನಿಕ್ ರೂಪದ ಲೆಕ್ಕಪತ್ರದ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ಇರಬೇಕು, ಅದೂ ದಿನಾ ಆಗಬೇಕು. 2022ರ ಆಗಸ್ಟ್ ತಿದ್ದುಪಡಿಗೆ ಮೊದಲು ಆಗಾಗ ತೆಗೆದರೆ ಸಾಕಿತ್ತು. ಕ್ಲೌಡ್ ಆರಿಸುವಾಗ ಮುಂಬೈಯೋ ಹೈದರಾಬಾದೋ ಅಂತ ನೋಡಿ ಕ್ಲಿಕ್ ಮಾಡಿ.

ಹೆಜ್ಜೆ 7: ಬೀಗ ಮತ್ತು ಬೀಗದ ಕೈ

ಸದಸ್ಯರ ಆಧಾರ್ ಪ್ರತಿ, ಖಾತೆ ವಿವರ ಇರುವ ಡಿಸ್ಕ್ ಬಸ್ಸಿನಲ್ಲಿ ಕಳೆದುಹೋದರೆ? ಹೊರಗೆ ಹೋಗುವ ಡಿಸ್ಕಿಗೆ ವಿಂಡೋಸಿನದೇ ಬೀಗವಾದ ಬಿಟ್‌ಲಾಕರ್ ಹಾಕಲೇಬೇಕು. ಆದರೆ ಪಾಸ್‌ವರ್ಡ್ ಮರೆತರೆ ಆ ಡಿಸ್ಕಿಗೂ ಇಟ್ಟಿಗೆಗೂ ವ್ಯತ್ಯಾಸವಿಲ್ಲ. ಬಿಟ್‌ಲಾಕರ್ ಕೊಡುವ 48 ಅಂಕಿಯ ರಿಕವರಿ ಕೀಲಿಯನ್ನು ಪ್ರಿಂಟ್ ತೆಗೆದು, ಲಕೋಟೆಗೆ ಹಾಕಿ, ಅಂಟಿಸಿ, ಮೇಲೆ ಇಬ್ಬರು ಸಹಿ ಮಾಡಿ ಎರಡು ಕಡೆ ಇಡಿ. ಕೀಲಿಗಳ ಪಟ್ಟಿಯನ್ನು ಅದೇ ಸರ್ವರಿನ ವರ್ಡ್ ಫೈಲಿನಲ್ಲಿ ಇಟ್ಟವರೂ ಇದ್ದಾರೆ. 2024ರ ಜುಲೈ 19ರಂದು ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ತಪ್ಪು ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವಲ್ಲ, ಆವತ್ತು ಬಹಳ ಕಂಪ್ಯೂಟರ್‌ಗಳನ್ನು ಸರಿಮಾಡಲು ಮೊದಲು ಬೇಕಾಗಿದ್ದೇ ಈ 48 ಅಂಕಿ.

ಹೆಜ್ಜೆ 8: ವಾಪಸ್ ತಂದು ನೋಡಿ

ಉಳಿದ ಹೆಜ್ಜೆಗಳಲ್ಲಿ ಅಲ್ಪಸ್ವಲ್ಪ ಸೋಮಾರಿತನ ನಡೆಯುತ್ತದೆ. ಇದರಲ್ಲಿ ಇಲ್ಲ.

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಡಿಲೀಟ್ ಕಮಾಂಡ್ ಒತ್ತಿದರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಇದ್ದ ಡೇಟಾಬೇಸಿನಲ್ಲಿ 4.5 ಜಿಬಿ ಉಳಿದಿತ್ತು. ಬ್ಯಾಕಪ್‌ಗೆ ಅಂತ ಐದು ಬಗೆಯ ವ್ಯವಸ್ಥೆ ಇತ್ತು, ಒಂದೂ ನೆಟ್ಟಗೆ ಕೈಗೆ ಸಿಗಲಿಲ್ಲ. ದಿನದ ಬ್ಯಾಕಪ್ ತೆಗೆಯುವ ಉಪಕರಣದ ವರ್ಷನ್ ಡೇಟಾಬೇಸಿನ ವರ್ಷನ್‌ಗೆ ಹೊಂದುತ್ತಿರಲಿಲ್ಲ. ಅದು ಫೇಲ್ ಆಗುತ್ತಲೇ ಇತ್ತು. ಫೇಲ್ ಆಯಿತು ಅಂತ ಹೋಗಬೇಕಿದ್ದ ಇಮೇಲ್ ಕೂಡ ತಿರಸ್ಕೃತವಾಗುತ್ತಿತ್ತು. ಕೊನೆಗೆ ಒಬ್ಬರು ಬೇರೆ ಕೆಲಸಕ್ಕೆ ಅಂತ ಆರು ಗಂಟೆ ಮೊದಲು ತೆಗೆದಿದ್ದ ಪ್ರತಿ ಕಾಪಾಡಿತು. ಸಾಫ್ಟ್‌ವೇರ್ ಮಾಡುವುದೇ ಕಸುಬಾದವರಿಗೆ ಹೀಗಾಯಿತು. ಮೆಚ್ಚಬೇಕಾದ್ದು ಏನೆಂದರೆ ಎಲ್ಲವನ್ನೂ ಅವರೇ ಬಹಿರಂಗವಾಗಿ ಬರೆದು ಹೇಳಿಕೊಂಡರು.

ನೀವು ತಿಂಗಳಿಗೊಮ್ಮೆ ಒಂದು ಸಣ್ಣ ಪರೀಕ್ಷೆ ಮಾಡಿ. ಬ್ಯಾಕಪ್ ತೆಗೆಯುವವರು ಬೇಡ, ಬೇರೆಯವರು ಮಾಡಲಿ. ಆಫೀಸಿನ ಡೇಟಾ ಇಲ್ಲದ ಬೇರೆ ಕಂಪ್ಯೂಟರ್ ತೆಗೆದುಕೊಳ್ಳಿ. ಟ್ಯಾಲಿಯಲ್ಲಾದರೆ ಹೊಸ ಖಾಲಿ ಫೋಲ್ಡರಿಗೆ ರಿಸ್ಟೋರ್ ಮಾಡಿ. ಬಳಕೆಯಲ್ಲಿರುವ ಫೋಲ್ಡರಿಗೇ ರಿಸ್ಟೋರ್ ಕೊಟ್ಟರೆ ಇವತ್ತಿನ ಲೆಕ್ಕದ ಮೇಲೆ ಹಳೆಯ ಲೆಕ್ಕ ಕೂತುಬಿಡುತ್ತದೆ. ಪರೀಕ್ಷೆ ಮಾಡಲು ಹೋಗಿ ಆಪತ್ತು ತಂದುಕೊಂಡವರಿದ್ದಾರೆ. ತೆರೆದ ಮೇಲೆ ಒಂದು ದಿನದ ಕ್ಯಾಶ್ ಬ್ಯಾಲೆನ್ಸನ್ನು ಕಾಗದದ ಪುಸ್ತಕದ ಜೊತೆ ತಾಳೆ ನೋಡಿ. ಫೈಲು ತೆರೆಯಿತು ಅಂದರೆ ಸಾಲದು, ಅಂಕಿ ಕೂಡಬೇಕು.

ವರ್ಷಕ್ಕೊಮ್ಮೆ ದೊಡ್ಡ ಪರೀಕ್ಷೆ. ಒಂದು ಆಫೀಸಿನಲ್ಲಿ ನಾವು ಮಾಡಿದ್ದು ಹೇಳುತ್ತೇನೆ. ಭಾನುವಾರ ಒಂಬತ್ತಕ್ಕೆ ಹೊಸದಾಗಿ ವಿಂಡೋಸ್ ಹಾಕಿದ ಕಂಪ್ಯೂಟರ್, ಕೆಂಪು ಟೇಪಿನ ಡಿಸ್ಕ್, ಕೈಯಲ್ಲಿ ಗಡಿಯಾರ. ಒಂದು ಗಂಟೆ ಸಾಕು ಅಂದುಕೊಂಡಿದ್ದೆವು. ಟ್ಯಾಲಿ ಲೈಸೆನ್ಸ್ ಹಳೆಯ ಕಂಪ್ಯೂಟರಿಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿ ಇಲ್ಲಿಗೆ ತರಲು ಬೇಕಾದ ಇಮೇಲ್ ಯಾರದು ಅಂತ ಹುಡುಕುವುದರಲ್ಲಿ ಮುಕ್ಕಾಲು ಗಂಟೆ ಹೋಯಿತು. ನಡಾವಳಿಯ ಫೈಲು ತೆರೆದರೆ ಪುಟದ ತುಂಬಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಡೇಟಾ ಹಾಳಾಗಿರಲಿಲ್ಲ. ಹಳೆಯ ನುಡಿ ಫಾಂಟ್ ಹೊಸ ಕಂಪ್ಯೂಟರಿನಲ್ಲಿ ಇರಲಿಲ್ಲ, ಅಷ್ಟೇ. ಅಧ್ಯಕ್ಷರ ಮುಖ ಮಾತ್ರ ಬಿಳಿಚಿಕೊಂಡಿತ್ತು. ಪ್ರಿಂಟರಿನ ಡ್ರೈವರ್, ರಸೀದಿಯ ಅಳತೆ, ಒಂದೊಂದೇ ಬಂದವು. ಮುಗಿದಾಗ ಒಂದೂವರೆ. ನಾಲ್ಕೂವರೆ ಗಂಟೆ. ಆವತ್ತೇ ಡಿಸ್ಕಿನಲ್ಲಿ ಒಂದು ಫೋಲ್ಡರ್ ಮಾಡಿ ಫಾಂಟ್‌ಗಳು, ಡ್ರೈವರ್‌ಗಳು, ಇನ್‌ಸ್ಟಾಲ್ ಫೈಲುಗಳು, ಸೀರಿಯಲ್ ನಂಬರ್‌ಗಳನ್ನೆಲ್ಲ ಹಾಕಿದೆವು. ಮುಂದಿನ ವರ್ಷ ಎರಡು ಗಂಟೆ ಸಾಕಾಯಿತು.

ಹೆಜ್ಜೆ 9: ಗೋಡೆಯ ಮೇಲಿನ ಒಂದು ಹಾಳೆ

ನಲವತ್ತು ಪುಟದ ಯೋಜನೆ ಬರೆದು ಕಪಾಟಿನಲ್ಲಿಟ್ಟರೆ ಗೆದ್ದಲು ಓದುತ್ತದೆ. ಒಂದು ಹಾಳೆ ಸಾಕು, ಪ್ರಿಂಟ್ ತೆಗೆದು ಅಂಟಿಸಿ. ಅದರಲ್ಲಿ ಇಷ್ಟು ಇರಲಿ:

- ಮೊದಲು ಯಾರಿಗೆ ಫೋನ್ ಮಾಡಬೇಕು, ಅವರು ಸಿಗದಿದ್ದರೆ ಯಾರಿಗೆ
- ಡಿಸ್ಕ್ ಎಲ್ಲಿದೆ, ಲಕೋಟೆ ಎಲ್ಲಿದೆ
- ಯಾವುದು ಮೊದಲು ಎದ್ದೇಳಬೇಕು: ಇಂಟರ್ನೆಟ್, ಲೈಸೆನ್ಸ್, ಲೆಕ್ಕ, ಆಮೇಲೆ ಹಂಚಿಕೆ ಫೋಲ್ಡರ್
- ಅಲ್ಲಿಯವರೆಗೆ ಕೌಂಟರ್ ಹೇಗೆ ನಡೆಯುತ್ತದೆ

ಕೊನೆಯದಕ್ಕೆ ಒಂದು ಉಪಾಯ. ಅಚ್ಚು ಹಾಕಿಸಿದ ಎರಡು ರಸೀದಿ ಪುಸ್ತಕ ಬೀರುವಿನಲ್ಲಿರಲಿ. ಅದರ ನಂಬರ್ ಕಂಪ್ಯೂಟರಿನ ರಸೀದಿಗಿಂತ ಬೇರೆ ಸಾಲಿನದಾಗಿರಲಿ, ಮುಂದೆ "ಕೈ" ಅಂತ ಸೇರಿಸಿದರೂ ಸಾಕು. ಆಮೇಲೆ ಎಂಟ್ರಿ ಮಾಡುವಾಗ ನಂಬರ್ ಡಿಕ್ಕಿ ಹೊಡೆಯುವುದಿಲ್ಲ. ಕೊನೆಯ ಬ್ಯಾಲೆನ್ಸ್ ಪಟ್ಟಿಯನ್ನು ವಾರಕ್ಕೊಮ್ಮೆ ಪ್ರಿಂಟ್ ತೆಗೆದಿಟ್ಟರೆ ತುರ್ತು ಹಣ ಕೇಳಿದವರಿಗೆ ಕೊಡಲೂ ಧೈರ್ಯ ಬರುತ್ತದೆ.

ರ‍್ಯಾನ್ಸಮ್‌ವೇರ್ ಬಂದರೆ ಮೊದಲ ಹತ್ತು ನಿಮಿಷ ಬಹಳ ಮುಖ್ಯ. ನೆಟ್‌ವರ್ಕ್ ವೈರ್ ಕೀಳಿ, ವೈಫೈ ಆಫ್ ಮಾಡಿ. ಪರದೆಯ ಫೋಟೋ ಮೊಬೈಲಿನಲ್ಲಿ ತೆಗೆಯಿರಿ. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಬೇಡಿ, ಸಾಕ್ಷ್ಯವೂ ಹೋಗುತ್ತದೆ. "ಬ್ಯಾಕಪ್ ಇದೆಯಲ್ಲ" ಅಂತ ಓಡಿಹೋಗಿ ಆ ಡಿಸ್ಕನ್ನು ಅದೇ ಕಂಪ್ಯೂಟರಿಗೆ ಚುಚ್ಚಲಂತೂ ಬೇಡ. ಉಳಿದಿರುವ ಒಂದೇ ಪ್ರತಿಯನ್ನು ನೀವೇ ಅದರ ಬಾಯಿಗೆ ಕೊಟ್ಟಂತೆ. ಮೊದಲು ಶುದ್ಧವಾದ ಕಂಪ್ಯೂಟರಿನಲ್ಲಿ ಡಿಸ್ಕಿನದೇ ಒಂದು ಪ್ರತಿ ಮಾಡಿ, ಆಮೇಲೆ ಆ ಪ್ರತಿಯಿಂದ ವಾಪಸ್ ತನ್ನಿ. ಎಲ್ಲ ಪಾಸ್‌ವರ್ಡ್ ಬದಲಾಯಿಸಿ. 2022ರ ಏಪ್ರಿಲ್ 28ರ ನಿರ್ದೇಶನದಂತೆ ಕಂಪನಿಗಳು, ಸರ್ಕಾರಿ ಸಂಸ್ಥೆಗಳು ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು. ದುಡ್ಡೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹೆಜ್ಜೆ 10: ಒಂದು ರಿಜಿಸ್ಟರ್, ಐದು ಕಾಲಂ

ತಾರೀಖು, ಯಾವ ಡಿಸ್ಕ್, ಫೈಲಿನ ಗಾತ್ರ, ತೆಗೆದವರ ಸಹಿ, ತೆರೆದು ನೋಡಿದವರ ಸಹಿ. ನೂರು ಪುಟದ ಉದ್ದ ನೋಟ್‌ಬುಕ್ ಸಾಕು. ಹೊಸ ಸಾಫ್ಟ್‌ವೇರ್ ಬಂದ ದಿನ, ಕಂಪ್ಯೂಟರ್ ಬದಲಾದ ದಿನ, ಯಾರಾದರೂ ಕೆಲಸ ಬಿಟ್ಟ ದಿನ ಹೆಜ್ಜೆ 1ರ ಪಟ್ಟಿಯನ್ನು ಇನ್ನೊಮ್ಮೆ ತೆಗೆದು ಓದಿ ಇದರಲ್ಲೇ ಬರೆಯಿರಿ.

ಗಾತ್ರದ ಕಾಲಂ ಸೇರಿಸಿದ್ದು ಆ ಶಾರ್ಟ್‌ಕಟ್ ನೋಡಿದ ಮೇಲೆ. ಕಳೆದ ವರ್ಷ ಅದೇ ಸಂಘದ ಅದೇ ಅಕೌಂಟೆಂಟ್ ಸಂಜೆ ಆರೂವರೆಗೆ ಫೋನ್ ಮಾಡಿದರು. "ಸಾರ್, ನಿನ್ನೆ 1,412 ಎಂಬಿ ಇತ್ತು. ಇವತ್ತು 1,106 ತೋರಿಸ್ತಿದೆ. ದಿನಾ ಜಾಸ್ತಿ ಆಗ್ಬೇಕು ತಾನೇ, ಕಡಿಮೆ ಯಾಕಾಯ್ತು?" ಹೋಗಿ ನೋಡಿದರೆ ಬ್ಯಾಕಪ್ ಪಟ್ಟಿಯಲ್ಲಿ ಸಂತೆಬೀದಿ ಬ್ರಾಂಚಿನ ಕಂಪನಿ ಬಿಟ್ಟುಹೋಗಿತ್ತು. ಸೇರಿಸಿ ಮತ್ತೆ ತೆಗೆದೆವು, 1,413. ಅವರು ಹಳೆಯ ಅಂಕಿಯನ್ನು ಅಡ್ಡಗೆರೆ ಎಳೆದು ಹೊಡೆದು, ಪಕ್ಕದಲ್ಲಿ ಹೊಸದನ್ನು ಬರೆದು, ಪುಸ್ತಕ ನನ್ನ ಕಡೆ ತಿರುಗಿಸಿದರು. ಐದನೇ ಕಾಲಂನಲ್ಲಿ ನನ್ನ ಸಹಿ ಬೇಕಿತ್ತು.